ಬರಕೊಂಡು ಹೋದದ್ದು ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮದು ಹುಲಕೋಟಿ. ನಮ್ಮ ಓಣಿಯಲ್ಲಿ ನಾಲ್ಕಾರು ಮುಸ್ಲಿಂ ಮನೆಗಳಿವೆ. ಕಾಲೇಜಿನ ಹುಡುಗರು, ಪಿಎಚ್‌.ಡಿ. ಮಾಡುವವರು, ಯಾವುದೋ ಸಂಸ್ಥೆಯವರು ಆಗಾಗ ಬಂದು ಅವರ ಮನೆಗಳಲ್ಲಿ ಕೂತು, ಪ್ರಶ್ನೆ ಕೇಳಿ, ಬರೆದುಕೊಂಡು ಹೋಗುತ್ತಾರೆ. ಅವರು ಹೋದ ಮೇಲೆ ಪಕ್ಕದ ಮನೆಯ ಚಾಚಿ ನಮ್ಮ ಕಟ್ಟೆಗೆ ಬಂದು, ‘ಏನೇನೋ ಬರಕೊಂಡು ಹೋದ್ರವ್ವಾ, ಅದೆಲ್ಲಾ ಎಲ್ಲಿಗೆ ಹೋಗತೈತಿ?’ ಅಂತ ಕೇಳುತ್ತಾರೆ. ಇಂಥ ಸಂಶೋಧನೆಗೆ ನೀತಿ ನಿಯಮ ಅಂತ ಇವೆಯೇ? ನಮ್ಮನ್ನು ಕೇಳಿದ ಹಾಗೆಯೇ ಅವರನ್ನೂ ಕೇಳುತ್ತಾರೆ. ಅದರಲ್ಲಿ ಅಂಜುವಂಥದ್ದು ಏನಿದೆ?
ಓದುಗರೊಬ್ಬರು, ಹುಲಕೋಟಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ, ಒಂದು ನಿಮ್ಮದು, ಒಂದು ಚಾಚಿಯದು. ನಿಮ್ಮದಕ್ಕೆ ಉತ್ತರ ಸಲೀಸು: ನಿಯಮಗಳಿವೆ, ಆದರೆ ಅವುಗಳಲ್ಲಿ ತೂತು ಬಹಳ. ಚಾಚಿಯ ಪ್ರಶ್ನೆ ಕಠಿಣದ್ದು. ಅದಕ್ಕೆ ನೆಟ್ಟಗೆ ಉತ್ತರ ಹೇಳಬಲ್ಲ ಸಂಶೋಧಕ ಸಿಕ್ಕರೆ ಅವನಿಗೆ ಧೈರ್ಯವಾಗಿ ಚಹಾ ಕೊಡಬಹುದು.

ಮೊದಲು ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ ಇರಬಹುದು, ಅದರ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ‘ನಿಮ್ಮ ತಂದೆಯವರು ಹುಟ್ಟಿದ್ದು ಯಾವ ಊರಲ್ಲಿ?’ ಅಂತ ನಿಮ್ಮ ಪಡಸಾಲೆಯಲ್ಲಿ ಕೂತು ಕೇಳಿದರೆ ಮನೆಯ ಹಿರಿಯರು ಅರ್ಧ ತಾಸು ಖುಷಿಯಿಂದ ಮಾತಾಡಿಯಾರು. ಯಾವ ಬರಗಾಲದಲ್ಲಿ ಊರು ಬಿಟ್ಟದ್ದು, ಯಾರ ಎತ್ತು ಮಾರಿದ್ದು, ಇಲ್ಲಿ ಯಾರ ಹೊಲ ಕೋರಿಗೆ ಹಿಡಿದದ್ದು ಎಲ್ಲ ಬರುತ್ತದೆ. ಅದೇ ಪ್ರಶ್ನೆಯನ್ನು 2020ರ ಜನವರಿಯಲ್ಲಿ ಚಾಚಿಯ ಮನೆಯಲ್ಲಿ ಕೇಳಿದ್ದರೆ ಮನೆಯೆಲ್ಲ ಗಪ್ಪಾಗುತ್ತಿತ್ತು. ಹಿಂದಿನ ತಿಂಗಳಷ್ಟೇ ಪೌರತ್ವ ತಿದ್ದುಪಡಿ ಕಾಯ್ದೆ ಬಂದಿತ್ತು. ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಹೊಸ ನಮೂನೆಯಲ್ಲಿ ತಂದೆ ತಾಯಿ ಹುಟ್ಟಿದ ಸ್ಥಳ, ತಾರೀಖು ಕೇಳುವ ಕಲಮು ಸೇರಿತ್ತು. ಆ ಹೊತ್ತಿನಲ್ಲಿ ಯಾರೇ ಬಂದು, ಎಂಥ ಒಳ್ಳೆಯ ಉದ್ದೇಶದಿಂದಲೇ ಆ ಪ್ರಶ್ನೆ ಕೇಳಿದರೂ ಚಾಚಿಯ ಕಿವಿಗೆ ಅದು ‘ನೀವು ಈ ದೇಶದವರೇ?’ ಎಂದೇ ಬೀಳುತ್ತಿತ್ತು.

ಕಾನೂನು ಬದಲಾದಾಗ ಪ್ರಶ್ನೆಯ ಅರ್ಥವೂ ಬದಲಾಗುತ್ತದೆ. ಇದು ಪ್ರಶ್ನಾವಳಿ ತಯಾರಿಸುವವರಿಗೆ ಎಷ್ಟೋ ಸಲ ಹೊಳೆಯುವುದೇ ಇಲ್ಲ. ಪೌಷ್ಟಿಕತೆಯ ಅಧ್ಯಯನದಲ್ಲಿ ‘ವಾರದಲ್ಲಿ ಯಾವ ಮಾಂಸ ತಿನ್ನುತ್ತೀರಿ, ಎಲ್ಲಿಂದ ತರುತ್ತೀರಿ?’ ಎಂಬ ಪ್ರಶ್ನೆ ಮಾಮೂಲಿ. ಆದರೆ ಕರ್ನಾಟಕದ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ ಜಾರಿಗೆ ಬಂದ ಮೇಲೆ ‘ಎಲ್ಲಿಂದ’ ಎಂಬುದಕ್ಕೆ ಸಿಗುವ ಉತ್ತರ ಒಬ್ಬ ಕಸಾಯಿಯ ಮನೆಯ ವಿಳಾಸವಾಗಿಬಿಡಬಹುದು. ತಲಾಖ್ ಕುರಿತು ಸಂಶೋಧನೆ ಮಾಡುವಾಕೆ ಒಬ್ಬ ಹೆಣ್ಣುಮಗಳನ್ನು ‘ಗಂಡ ಹೇಗೆ ಬಿಟ್ಟ?’ ಎಂದು ಕೇಳುತ್ತಾಳೆ. ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಹೇಳುವುದು 2019ರ ಕಾಯ್ದೆಯಂತೆ ಮೂರು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ತನ್ನ ದುಃಖ ಹೇಳಿಕೊಂಡ ಹೆಣ್ಣುಮಗಳು, ತನಗೇ ಗೊತ್ತಿಲ್ಲದೆ, ಮಕ್ಕಳ ಅಪ್ಪನ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ದೂರು ಕೊಡಬೇಕೋ ಬೇಡವೋ ಎಂಬುದು ಆಕೆಯ ಹಕ್ಕು. ಆ ತೀರ್ಮಾನ ಆಕೆಯ ಕೈಯಿಂದ ಜಾರಿ ಯಾರದೋ ನೋಟ್‌ಬುಕ್ಕಿಗೆ ಹೋಗಬಾರದು.

‘ಬರೆದದ್ದನ್ನು ಯಾರಿಗೂ ತೋರಿಸೋದಿಲ್ರಿ’ ಎಂದು ಸಂಶೋಧಕರು ಮಾತು ಕೊಡುತ್ತಾರೆ. ಮನಸ್ಸಿನಿಂದಲೇ ಕೊಡುತ್ತಾರೆ. ಆದರೆ ಆ ಮಾತಿಗೆ ಕಾನೂನಿನ ಬೆಂಬಲ ಎಷ್ಟಿದೆ? ಜನಗಣತಿಯವರಿಗೆ ನೀವು ಹೇಳಿದ್ದಕ್ಕೆ 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ರಕ್ಷಣೆ ಇದೆ. ಆ ದಾಖಲೆಯನ್ನು ಯಾರೂ ಕೇಳಿ ನೋಡುವಂತಿಲ್ಲ, ಸಾಕ್ಷ್ಯವಾಗಿ ಕೋರ್ಟಿನಲ್ಲಿ ಬಳಸುವಂತಿಲ್ಲ. ವಕೀಲರಿಗೆ ಕಕ್ಷಿದಾರರು ಹೇಳಿದ ಮಾತಿಗೂ ರಕ್ಷಣೆ ಇದೆ. ಪಿಎಚ್‌.ಡಿ. ಹುಡುಗನ ಮೊಬೈಲಿನಲ್ಲಿ ರೆಕಾರ್ಡ್ ಆದ ಮಾತಿಗೆ ನಮ್ಮ ದೇಶದಲ್ಲಿ ಅಂಥ ಯಾವ ಗೋಡೆಯೂ ಇಲ್ಲ. ಪೊಲೀಸರು ನೋಟಿಸು ಕೊಟ್ಟರೆ ಅವನು ಮೊಬೈಲು ಕೊಡಬೇಕಾದೀತು. ಈ ಪೇಚು ನಮ್ಮಲ್ಲಷ್ಟೇ ಇಲ್ಲ. ಅಮೆರಿಕದ ಬೋಸ್ಟನ್ ಕಾಲೇಜು ಉತ್ತರ ಐರ್ಲೆಂಡಿನ ಹಳೆಯ ಹೋರಾಟಗಾರರ ಮಾತುಗಳನ್ನು ‘ನೀವು ಸಾಯುವವರೆಗೆ ಹೊರಬಿಡುವುದಿಲ್ಲ’ ಎಂದು ಹೇಳಿ ರೆಕಾರ್ಡ್ ಮಾಡಿಕೊಂಡಿತ್ತು. 2011ರಲ್ಲಿ ಪೊಲೀಸರು ಕೋರ್ಟಿನ ಮೂಲಕ ಅವನ್ನು ಕೇಳಿದರು. ಕೊನೆಗೆ ಕೆಲವು ಟೇಪುಗಳು ಅವರ ಕೈಸೇರಿದವು. ಸಂಶೋಧಕರು ಕೊಟ್ಟ ಮಾತಿನಲ್ಲಿ ಮೋಸ ಇರಲಿಲ್ಲ, ಆದರೆ ಅದನ್ನು ಉಳಿಸಿಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಆದ್ದರಿಂದ ಈ ವಿದ್ಯೆಯಲ್ಲಿ ಪಳಗಿದವರು ಹೇಳುವುದು ಒಂದೇ: ಕಾಪಾಡಲು ಆಗದ್ದನ್ನು ಬರೆದುಕೊಳ್ಳಲೇ ಬೇಡ. ಬೇಕಿಲ್ಲದ ಹೆಸರು, ಫೋನ್ ನಂಬರು, ಆಧಾರ್ ಕಲಮುಗಳನ್ನು ನಮೂನೆಯಿಂದ ಮೊದಲೇ ಹೊಡೆದುಹಾಕು.

‘ಇಷ್ಟು ಹೆದರಿಕೆ ಯಾಕೆ, ಕಾಗದದಲ್ಲಿ ಒಂದು ಸಾಲು ಬರೆದರೆ ಏನಾಗುತ್ತದೆ?’ ಎಂದು ಕೇಳುವವರಿಗೆ 2024ರ ಕೊನೆಯ ತಿಂಗಳುಗಳನ್ನು ನೆನಪು ಮಾಡುತ್ತೇನೆ. ವಿಜಯಪುರ ಜಿಲ್ಲೆಯ ರೈತರಿಗೆ ಅವರ ಹೊಲ ವಕ್ಫ್ ಆಸ್ತಿಯೆಂದು ನೋಟಿಸು ಹೋಗಿ, ಪಹಣಿಯಲ್ಲಿ ವಕ್ಫ್ ಹೆಸರು ಸೇರುವ ಮಾತು ಎದ್ದಾಗ ನಮ್ಮ ಕಡೆಯ ಹಳ್ಳಿಗಳಲ್ಲೂ ಜನ ರಾತ್ರೋರಾತ್ರಿ ಉತಾರ ತೆಗೆಸಿ ನೋಡಿದರು. ಸರ್ಕಾರ ನೋಟಿಸು ವಾಪಸು ಪಡೆಯಲು ಹೇಳುವವರೆಗೂ ಕಳವಳ ಇಳಿಯಲಿಲ್ಲ. ಆಗ ಅಂಜಿದವರು ಹಿಂದೂ ರೈತರು. ಕಚೇರಿಯ ದಾಖಲೆಯಲ್ಲಿ, ತಾವು ಕಾಣದ ಕಡೆ, ತಮ್ಮ ಬಗ್ಗೆ ಯಾರೋ ಬರೆದಿಟ್ಟ ಒಂದು ಸಾಲು ಎಷ್ಟು ಭಾರ ಎಂಬುದು ಅವತ್ತು ಎಲ್ಲರಿಗೂ ತಿಳಿಯಿತು. ಚಾಚಿಯ ಅಂಜಿಕೆಯೂ ಅದೇ ಜಾತಿಯದು. ವ್ಯತ್ಯಾಸ ಇಷ್ಟೆ: ರೈತರಿಗೆ ಅದು ಒಂದು ಋತುವಿನಲ್ಲಿ ಬಂದು ಹೋಯಿತು, ಆಕೆಗೆ ಪ್ರತಿ ಸರ್ವೇಯಲ್ಲೂ ಬರುತ್ತದೆ.

ಈ ಅಂಜಿಕೆ ಬೆಳೆದಾಗ ನಷ್ಟ ಎಲ್ಲರಿಗೂ. 2020ರ ಏಪ್ರಿಲ್ ಮೊದಲ ವಾರ, ಕೊರೊನಾ ಲಾಕ್‌ಡೌನಿನಲ್ಲಿ, ಬೆಂಗಳೂರಿನ ಹೆಗಡೆ ನಗರದ ಬಳಿಯ ಸಾದಿಕ್ ಬಡಾವಣೆಯಲ್ಲಿ ಆರೋಗ್ಯದ ಮಾಹಿತಿ ಕೇಳಲು ಹೋದ ಆಶಾ ಕಾರ್ಯಕರ್ತೆಯರನ್ನು ಜನ ಸುತ್ತುವರಿದರು, ಹಲ್ಲೆ ಮಾಡಿದರು. ಪೊಲೀಸರು ಕೆಲವರನ್ನು ಬಂಧಿಸಿದರು. ತಪ್ಪು ತಪ್ಪೇ. ಬಿಸಿಲಲ್ಲಿ ಮನೆ ಮನೆ ತಿರುಗುವ ಆ ಬಡ ಹೆಣ್ಣುಮಕ್ಕಳು ಯಾರ ಶತ್ರುಗಳೂ ಅಲ್ಲ. ಆದರೆ ಈ ಪಟ್ಟಿ ಪೌರತ್ವದ ಲೆಕ್ಕಕ್ಕೆ ಹೋಗುತ್ತದೆಂಬ ಗುಮಾನಿ ಅದರ ಹಿಂದೆ ಇತ್ತು. ಒಬ್ಬರು ಮುರಿದ ನಂಬಿಕೆಗೆ ಇನ್ನೊಬ್ಬರು ದಂಡ ತೆರುತ್ತಾರೆ. ಒಸಾಮಾ ಬಿನ್ ಲಾದೆನ್‌ನ ಸುಳಿವಿಗಾಗಿ 2011ರಲ್ಲಿ ಪಾಕಿಸ್ತಾನದ ಅಬ್ಬೊಟಾಬಾದಿನಲ್ಲಿ ಅಮೆರಿಕದ ಗುಪ್ತಚರರು ಲಸಿಕೆಯ ಹೆಸರಿನಲ್ಲಿ ಸುಳ್ಳು ಅಭಿಯಾನ ನಡೆಸಿದರು. ಅದು ಬಯಲಾದ ಮೇಲೆ ಪೋಲಿಯೋ ಹನಿ ಹಾಕುವ ನಿಜವಾದ ಕಾರ್ಯಕರ್ತೆಯರನ್ನು ಜನ ಅನುಮಾನಿಸತೊಡಗಿದರು. ಅದರ ಬೆಲೆಯನ್ನು ಮಕ್ಕಳು ತೆತ್ತವು.

ಇಂಥ ಮನೆ ಮನೆಯ ಪ್ರಶ್ನೆಗೆ ನಮ್ಮ ರಾಜ್ಯದ ಉದಾಹರಣೆ ನಿಮ್ಮ ಮನೆಯ ಮೀಟರಿನ ಹತ್ತಿರವೇ ಇದ್ದೀತು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ, ಜನ ಜಾತಿ ಗಣತಿ ಎಂದೇ ಕರೆದದ್ದಕ್ಕೆ, ಮೊದಲು ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಮನೆಗಳನ್ನು ಗುರುತಿಸಿ ಚೀಟಿ ಅಂಟಿಸಿದರು. ಸೆಪ್ಟೆಂಬರ್ 22ರಿಂದ ಶಾಲೆಯ ಮಾಸ್ತರರು, ಅಕ್ಕೋರು ಮೊಬೈಲು ಹಿಡಿದು ಅರವತ್ತು ಪ್ರಶ್ನೆಗಳೊಂದಿಗೆ ಬಂದರು. ವಿಷಯ ಹೈಕೋರ್ಟಿಗೆ ಹೋಯಿತು. ಸಮೀಕ್ಷೆಯನ್ನು ಕೋರ್ಟು ತಡೆಯಲಿಲ್ಲ. ಆದರೆ ಸೆಪ್ಟೆಂಬರ್ 25ರಂದು ಎರಡು ಮಾತು ಸ್ಪಷ್ಟ ಹೇಳಿತು: ಉತ್ತರ ಕೊಡುವುದು ಸ್ವಇಚ್ಛೆಯದು ಎಂದು ಜನರಿಗೆ ತಿಳಿಸಬೇಕು, ಮಾಹಿತಿಯನ್ನು ಗುಪ್ತವಾಗಿ ಇಡಬೇಕು. ಸಂಶೋಧನಾ ನೀತಿಯ ಅರ್ಧ ಪಾಠ ಆ ಎರಡು ಮಾತಿನಲ್ಲಿದೆ. ‘ಒಲ್ಲೆ’ ಎನ್ನುವ ಹಕ್ಕು ಎಲ್ಲ ಜಾತಿ, ಎಲ್ಲ ಧರ್ಮದವರಿಗೂ ಇತ್ತು. ಅದನ್ನು ಬಾಯಿಬಿಟ್ಟು ಹೇಳಲು ಕೋರ್ಟು ಬೇಕಾಯಿತು.

ಹಾಗಾದರೆ ಮುಸ್ಲಿಮರ ಓಣಿಗೆ ಯಾರೂ ಹೋಗಬಾರದೇ, ಏನೂ ಕೇಳಬಾರದೇ? ಅದು ಇನ್ನೂ ದೊಡ್ಡ ಅನ್ಯಾಯ. 2005ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರಿನಲ್ಲಿ ವರದಿ ಕೊಟ್ಟಾಗ ದೇಶಕ್ಕೆ ಸ್ಪಷ್ಟ ಲೆಕ್ಕ ಸಿಕ್ಕಿತು: ಐಎಎಸ್‌ನಲ್ಲಿ ಮುಸ್ಲಿಮರು ಶೇ 3, ಐಪಿಎಸ್‌ನಲ್ಲಿ ಶೇ 4, ದೇಶದ ಸಾಕ್ಷರತೆ ಶೇ 65 ಇದ್ದಾಗ ಅವರದು ಶೇ 59. ಅದಕ್ಕೂ ಮೊದಲು ಒಬ್ಬರು ‘ಮುಸ್ಲಿಮರನ್ನು ಓಲೈಸಲಾಗುತ್ತಿದೆ’ ಎನ್ನುತ್ತಿದ್ದರು, ಇನ್ನೊಬ್ಬರು ‘ತುಳಿಯಲಾಗುತ್ತಿದೆ’ ಎನ್ನುತ್ತಿದ್ದರು, ಅಂಕಿ ಇಟ್ಟು ಮಾತಾಡುವವರು ಕಡಿಮೆ. ನಮ್ಮ ರಾಜ್ಯದ 2ಬಿ ಮೀಸಲಾತಿಯನ್ನೇ ನೋಡಿ. 2023ರ ಮಾರ್ಚಿನಲ್ಲಿ ಆಗಿನ ಸರ್ಕಾರ ಮುಸ್ಲಿಮರ ಶೇ 4ನ್ನು ತೆಗೆದುಹಾಕುವ ಆದೇಶ ಹೊರಡಿಸಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು, ಆದೇಶ ಜಾರಿಗೆ ಬರಲಿಲ್ಲ. ಇಂಥ ಕಡೆ ವಾದ ನಿಲ್ಲುವುದು ಅಂಕಿಯ ಮೇಲೆ. ಎಣಿಕೆಗೆ ಸಿಗದವರಿಗೆ ಹಕ್ಕೂ ಸಿಗುವುದಿಲ್ಲ.

ಆದರೆ ಸಾಚಾರ್ ಸಮಿತಿಯೂ ಒಂದು ಕಡೆ ಮುಗ್ಗರಿಸಿತು. ಸೈನ್ಯದಲ್ಲಿ ಮುಸ್ಲಿಮರು ಎಷ್ಟು ಜನ ಇದ್ದಾರೆಂಬ ಲೆಕ್ಕ ಕೇಳಿತು. 2006ರ ಮೊದಲ ತಿಂಗಳುಗಳಲ್ಲಿ ಅದು ದೊಡ್ಡ ಗದ್ದಲವಾಗಿ, ಆ ಕೋರಿಕೆ ಅಲ್ಲಿಗೇ ನಿಂತಿತು. ಕೇಳಿದ್ದು ತಪ್ಪೋ ಸರಿಯೋ ಎಂಬ ವಾದ ಇವತ್ತಿಗೂ ಇದೆ. ನಾನು ಅದರಿಂದ ತೆಗೆದುಕೊಳ್ಳುವ ಪಾಠ ಬೇರೆ. ಪ್ರಶ್ನೆ ಕೇಳಿದವರು ದಿಲ್ಲಿಯ ಕಚೇರಿಯಲ್ಲಿದ್ದರು. ‘ನಿಮ್ಮ ನಿಷ್ಠೆ ಯಾರ ಕಡೆ?’ ಎಂಬ ಮಾತನ್ನು ಟೀವಿಯ ಮುಂದೆ ಕೂತು ಕೇಳಬೇಕಾಗಿ ಬಂದದ್ದು ಗಡಿ ಕಾಯಲು ಮಗನನ್ನು ಕಳಿಸಿದ ಮುಸ್ಲಿಂ ತಂದೆ ತಾಯಿಗೆ.

ಇನ್ನು ಎಣಿಸುವ ರೀತಿಗೆ ಬರೋಣ. ಹುಲಕೋಟಿಯವರಿಗೆ ಹತ್ತಿಯ ಮಾತು ಹೊಸದಲ್ಲ. ಊರಲ್ಲೇ ಸಹಕಾರಿ ನೂಲಿನ ಗಿರಣಿ ಕಂಡವರು ನೀವು, ಗದಗ ಪೇಟೆಯ ಅರಳೆಯ ದೂಳು ಉಂಡವರು. ಆ ಅರಳೆಯನ್ನು ಬಿಲ್ಲಿನಿಂದ ಹಿಂಜಿ ಗಾದಿ ತುಂಬುತ್ತಿದ್ದ ಪಿಂಜಾರ ಅಥವಾ ನದಾಫರನ್ನು ನೀವು ಬಲ್ಲಿರಿ. ನಮ್ಮ ಕಡೆ ಎಷ್ಟೋ ಪಿಂಜಾರರ ಮನೆಮಾತು ಅಚ್ಚ ಕನ್ನಡ. ಕರ್ನಾಟಕದ ಮೀಸಲಾತಿ ಪಟ್ಟಿಯಲ್ಲಿ ಅವರು ಪ್ರವರ್ಗ 1ರಲ್ಲಿದ್ದಾರೆ, 2ಬಿ ಉಳಿದ ಮುಸ್ಲಿಮರಿಗೆ ಸೇರಿದ ಬೇರೆ ಪ್ರವರ್ಗ. ಈಗ ಒಬ್ಬ ಸಂಶೋಧಕ ‘ಧರ್ಮ: ಮುಸ್ಲಿಂ, ಮಾತೃಭಾಷೆ: ಉರ್ದು’ ಎಂದು ಮೊದಲೇ ಅಚ್ಚು ಹಾಕಿಸಿಕೊಂಡು ಬಂದರೆ ಪಿಂಜಾರರ ಇಡೀ ಚರಿತ್ರೆ ಆ ಎರಡು ಕಲಮಿನ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತದೆ. ‘ಜಾತಿ’ ಎಂಬ ಕಲಮಿನಲ್ಲಿ ‘ಮುಸ್ಲಿಮರಲ್ಲಿ ಜಾತಿ ಇಲ್ಲ’ ಎಂದು ಮಸೀದಿಯ ಹಿರಿಯರು ಬರೆಸಬಹುದು, ‘ಪಿಂಜಾರ ಅಂತ ಬರೀರಿ’ ಎಂದು ಮನೆಯವರು ಹೇಳಬಹುದು. ಒಂದರಲ್ಲಿ ಧರ್ಮದ ಮಾತಿದೆ, ಇನ್ನೊಂದರಲ್ಲಿ ಮಗನ ಸೀಟಿನ ಮಾತಿದೆ. ಎರಡೂ ನಿಜ. ಸಂಶೋಧಕ ತನ್ನ ಪಟ್ಟಿಗೆ ಜನರನ್ನು ತುರುಕಬಾರದು. ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ ಬರೆದುಕೊಂಡು ಆಮೇಲೆ ವಿಂಗಡಿಸಬೇಕು.

ಪಿಂಜಾರರ ಉದಾಹರಣೆಯಿಂದಲೇ ಇನ್ನೊಂದು ತೊಡಕು ತೋರಿಸುತ್ತೇನೆ. ಹೆಸರು ಬದಲಿಸಿದರೆ ಗುಟ್ಟು ಉಳಿಯಿತು ಎಂದು ಪುಸ್ತಕಗಳು ಹೇಳುತ್ತವೆ. ಒಂದು ಪ್ರಬಂಧದಲ್ಲಿ ಹೀಗೆ ಬರೆದಿದೆ ಎಂದುಕೊಳ್ಳಿ: ‘ಗದಗ ಸಮೀಪದ, ನೂಲಿನ ಗಿರಣಿಯಿರುವ ಒಂದು ಹಳ್ಳಿಯಲ್ಲಿ ಗಾದಿ ಕಟ್ಟುವ ಅರವತ್ತು ವರ್ಷದ ಅಬ್ದುಲ್ (ಹೆಸರು ಬದಲಿಸಲಾಗಿದೆ) ತನ್ನ ಜಮಾತಿನ ಹಿರಿಯರ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿದರು.’ ಧಾರವಾಡದ ಗ್ರಂಥಾಲಯದಲ್ಲಿ ಓದುವವರಿಗೆ ಅಬ್ದುಲ್ ಯಾರೋ ಒಬ್ಬ. ಊರಿನವರಿಗೆ? ಗಾದಿ ಕಟ್ಟುವವರು ಊರಿಗೆ ಒಬ್ಬರೋ ಇಬ್ಬರೋ. ಹೆಸರು ಮುಚ್ಚಿದೆ, ಮನುಷ್ಯ ಬಯಲಲ್ಲಿ ನಿಂತಿದ್ದಾನೆ. ಮುಂದಿನ ಶುಕ್ರವಾರ ಅವನು ನಮಾಜಿಗೆ ಹೋದಾಗ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ, ಮಗಳ ನಿಕಾಹ್‌ಗೆ ಯಾರು ಬರುತ್ತಾರೆ ಎಂಬುದು ಪ್ರಬಂಧದ ಅನುಬಂಧದಲ್ಲಿ ಇರುವುದಿಲ್ಲ. ಮನೆಗಳು ಕಡಿಮೆ ಇದ್ದಷ್ಟೂ ಮರೆ ಕಡಿಮೆ. ಅಲ್ಪಸಂಖ್ಯೆ ಎಂಬ ಮಾತಿಗೆ ಹಳ್ಳಿಯಲ್ಲಿ ಇರುವ ಮೊದಲ ಅರ್ಥವೇ ಇದು.

ಒಬ್ಬನ ಹೆಸರು ಪೂರ್ತಿ ಮುಚ್ಚಿದರೂ ಸಮುದಾಯದ ಹೆಸರು ಮುಚ್ಚುವುದಿಲ್ಲ. ಅಮೆರಿಕದ ಜನಗಣತಿ ಇಲಾಖೆ 2002 ಮತ್ತು 2003ರಲ್ಲಿ ಅರಬ್ ಮೂಲದ ಜನ ಯಾವ ಪಟ್ಟಣದಲ್ಲಿ, ಯಾವ ಪಿನ್‌ಕೋಡಿನಲ್ಲಿ ಎಷ್ಟಿದ್ದಾರೆಂಬ ಪಟ್ಟಿ ಮಾಡಿ ಅಲ್ಲಿನ ಭದ್ರತಾ ಇಲಾಖೆಗಳಿಗೆ ಕೊಟ್ಟಿತ್ತು. ಒಬ್ಬರ ಹೆಸರೂ ಅದರಲ್ಲಿ ಇರಲಿಲ್ಲ, ಕಾನೂನೂ ಮುರಿದಿರಲಿಲ್ಲ. ಆದರೆ 2004ರಲ್ಲಿ ಅದು ಹೊರಬಿದ್ದಾಗ ಜನ ಕೇಳಿದ ಪ್ರಶ್ನೆ ಚಾಚಿಯದೇ: ನಾವು ಹೇಳಿದ್ದು ಯಾರ ಕೈಗೆ ಹೋಯಿತು? ‘ಈ ಓಣಿಯಲ್ಲಿ ಇಂಥವರು ಇಂತಿಷ್ಟು’ ಎಂಬ ನಕಾಶೆ ಆಸ್ಪತ್ರೆ ಕಟ್ಟಲೂ ಬಳಕೆಯಾಗುತ್ತದೆ, ಗಲಭೆಯ ದಿನ ಮನೆ ಗುರುತಿಸಲೂ ಬಳಕೆಯಾಗುತ್ತದೆ. ಬರೆದವನಿಗೆ ಯಾವುದು ಬೇಕಿತ್ತೆಂಬುದನ್ನು ಕಾಗದ ನೆನಪಿಡುವುದಿಲ್ಲ.

ಈವರೆಗೆ ಅಂಜಿಕೆಯ ಮಾತಾಯಿತು. ನಮ್ಮ ಗದಗ ಸೀಮೆಯಲ್ಲಿ ಇನ್ನೊಂದು ಅಪಾಯವಿದೆ, ಅದು ಹೊಗಳಿಕೆಯದು. ಶಿರಹಟ್ಟಿಯ ಫಕೀರೇಶ್ವರ ಮಠ, ಲಕ್ಷ್ಮೇಶ್ವರದ ದೂದನಾನಾ ದರ್ಗಾ, ಅತ್ತ ಶಿಶುನಾಳ, ಊರೂರಿನ ಮೊಹರಂ. ಭಾವೈಕ್ಯದ ಮೇಲೆ ಪ್ರಬಂಧ ಬರೆಯುವವರಿಗೆ ಇದು ಸುಗ್ಗಿಯ ನೆಲ. ಅವರು ಬರುವುದು ಉರುಸಿಗೆ, ಮೊಹರಂನ ಕತಲ್ ರಾತ್ರಿಗೆ. ಅಲಾವಿ ಕುಣಿಯ ಫೋಟೋ ತೆಗೆಯುತ್ತಾರೆ, ಹೆಜ್ಜೆ ಹಾಕುವ ಹುಡುಗರ ವಿಡಿಯೋ ಮಾಡುತ್ತಾರೆ, ರಿವಾಯತ್ ಪದ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಲಿಂಗಾಯತರ ಮನೆಯವರು ಪಂಜಾಕ್ಕೆ ಸಕ್ಕರೆ ಓದಿಸುವುದನ್ನು ಕಂಡು ಕಣ್ಣು ತುಂಬಿಕೊಂಡು ಮರುದಿನ ಬಸ್ಸು ಹತ್ತುತ್ತಾರೆ. ಆ ಭಾವೈಕ್ಯ ಸುಳ್ಳೆಂದು ನಾನು ಹೇಳುವುದಿಲ್ಲ. ಅದು ನಮ್ಮ ನೆಲದ ನಿಜವಾದ ಆಸ್ತಿ. ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ವರ್ಷಗಟ್ಟಲೆ ಊರೂರು ತಿರುಗಿ ಬರೆದ ರಹಮತ್ ತರೀಕೆರೆಯವರಂಥವರು ಅದರ ಆಳ ತೋರಿಸಿದ್ದಾರೆ. ಆದರೆ ಒಂದು ರಾತ್ರಿಗೆ ಬಂದವನ ಕಣ್ಣಿಗೆ ಮುಸ್ಲಿಮನು ಭಾವೈಕ್ಯದ ಗೊಂಬೆಯಾಗಿ ಮಾತ್ರ ಕಾಣುತ್ತಾನೆ. ಉಳಿದ 364 ದಿನ ಅವನ ಓಣಿಯ ಗಟಾರ ತುಂಬಿದ್ದು, ಮಗ ಗ್ಯಾರೇಜಿನಲ್ಲಿ ಪಂಕ್ಚರ್ ತಿದ್ದುತ್ತಿರುವುದು, ಮಗಳು ಹತ್ತನೆಯ ತರಗತಿಗೆ ಶಾಲೆ ಬಿಟ್ಟದ್ದು ಯಾವ ಪ್ರಬಂಧಕ್ಕೂ ಬರುವುದಿಲ್ಲ. ಗಲಭೆಯಾದಾಗ ಬರುವ ಇನ್ನೊಂದು ತಂಡಕ್ಕೆ ಅವನು ಸಂತ್ರಸ್ತನೋ ಶಂಕಿತನೋ ಆಗಿಯೇ ಇರಬೇಕು. ಜೋಳದ ರೊಟ್ಟಿ ಉಂಡು ಮಳೆಯ ಚಿಂತೆ ಮಾಡುವ ಸಾದಾ ಮನುಷ್ಯನಾಗಿ ಅವನನ್ನು ಕಾಣುವವರು ಕಡಿಮೆ.

ಹೊಗಳಿಕೆಗೂ ಬೆಲೆಯಿದೆ. ಪಂಜಾ ಹೊತ್ತ ಹುಡುಗನ ವಿಡಿಯೋ ಯೂಟ್ಯೂಬಿಗೆ ಹೋದರೆ ‘ಇದು ಇಸ್ಲಾಮಿನಲ್ಲಿ ಇಲ್ಲ’ ಎನ್ನುವ ತಮ್ಮವರಿಂದಲೂ, ‘ಅವರ ಹಬ್ಬ ನಮಗ್ಯಾಕೆ’ ಎನ್ನುವ ಇನ್ನೊಂದು ಕಡೆಯವರಿಂದಲೂ ಅವನಿಗೆ ಬೈಗುಳ ಬೀಳಬಹುದು. ಪದ ಹಾಡಿದವರ ಹೆಸರು ಹಾಕಬೇಕು, ಅದು ಅವರಿಗೆ ಸಲ್ಲಬೇಕಾದ ಗೌರವ. ಆದರೆ ಹಾಕುವ ಮೊದಲು ‘ಹಾಕ್ಲೇನ್ರಿ?’ ಎಂದು ಕೇಳಬೇಕು. ಎಲ್ಲ ಕಡೆ ಹೆಸರು ಮುಚ್ಚುವುದೂ ನೀತಿಯಲ್ಲ, ಎಲ್ಲ ಕಡೆ ಬಿಚ್ಚುವುದೂ ನೀತಿಯಲ್ಲ. ಹೆಸರು ಯಾರದೋ ಅವರೇ ಅದನ್ನು ತೀರ್ಮಾನಿಸಬೇಕು.

ಅಪ್ಪಣೆ ಯಾರದು ಎಂಬುದು ಮುಂದಿನ ಗಂಟು. ಹೊರಗಿನವರು ಓಣಿಗೆ ಬಂದರೆ ಮೊದಲು ಕಾಣುವುದು ಜಮಾತಿನ ಅಧ್ಯಕ್ಷರನ್ನು, ಮುತವಲ್ಲಿಯನ್ನು. ಅದು ಮರ್ಯಾದೆ, ಮಾಡಲೇಬೇಕು. ಆದರೆ ಅವರು ‘ಕೇಳ್ರಿ, ನಮ್ಮವರ ಹೇಳ್ತಾರ’ ಎಂದ ಮಾತ್ರಕ್ಕೆ ಒಳಮನೆಯ ಹೆಣ್ಣುಮಕ್ಕಳು ಒಪ್ಪಿದಂತಲ್ಲ. ಅಧ್ಯಕ್ಷರೇ ಹೇಳಿ ಕಳಿಸಿದ್ದಾರೆ ಎಂದ ಮೇಲೆ ಅವರಿಗೆ ‘ಒಲ್ಲೆ’ ಎನ್ನುವುದು ಇನ್ನೂ ಕಷ್ಟ. ಬಾಗಿಲಲ್ಲಿ ಗಂಡನೋ ಮೈದುನನೋ ನಿಂತಿರುವಾಗ ಹೇಳಿದ್ದನ್ನು ‘ಮುಸ್ಲಿಂ ಮಹಿಳೆಯರ ಅಭಿಪ್ರಾಯ’ ಎಂದು ಅಚ್ಚು ಹಾಕುವವರಿದ್ದಾರೆ.

‘ಹಾಗಾದರೆ ಅವರವರೇ ಅವರ ಅಧ್ಯಯನ ಮಾಡಲಿ’ ಎನ್ನಬಹುದು. ಒಳಗಿನವರಿಗೂ ಸುಖವಿಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರು ಹೆಣ್ಣುಮಕ್ಕಳಿಗೂ ಮಸೀದಿಗೆ ಪ್ರವೇಶ ಬೇಕೆಂದು ಮಾತಾಡಿದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಅನುಭವಿಸಿದರು. ಒಳಗಿನ ಸಂಶೋಧಕಿ ಕಂಡದ್ದನ್ನು ಬರೆದರೆ ‘ಮನೆಯ ಗುಟ್ಟು ಬಯಲಿಗಿಟ್ಟಳು’ ಎನ್ನುತ್ತಾರೆ, ಬರೆಯದಿದ್ದರೆ ಹೊರಗಿನವರು ‘ತಮ್ಮವರ ಹುಳುಕು ಮುಚ್ಚಿದಳು’ ಎನ್ನುತ್ತಾರೆ. ಸಂಶೋಧಕನ ಜಾತಿ ಧರ್ಮ ನೋಡಿ ನಂಬುವುದಕ್ಕಿಂತ ಅವನು ಎಷ್ಟು ದಿನ ಇದ್ದ, ಯಾರ ಯಾರ ಮಾತು ಕೇಳಿದ, ಬರೆದದ್ದನ್ನು ಮರಳಿ ತಂದು ತೋರಿಸಿದನೇ ಎಂದು ನೋಡುವುದು ಮೇಲು.

ಇನ್ನು ನಿಯಮಗಳ ಮಾತು. ವೈದ್ಯಕೀಯ ಸಂಶೋಧನೆಗೆ ನಮ್ಮಲ್ಲಿ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೆ. ಆರೋಗ್ಯದ ಸಾಮಾಜಿಕ ಅಧ್ಯಯನಗಳಿಗೆ 2000ದಲ್ಲಿ ಮುಂಬಯಿಯಲ್ಲಿ ವಿದ್ವಾಂಸರು ಸೇರಿ ಒಂದು ನೀತಿಸಂಹಿತೆ ಮಾಡಿದರು. ಆದರೆ ಸಮಾಜಶಾಸ್ತ್ರ, ಜಾನಪದ, ಇತಿಹಾಸದ ಕ್ಷೇತ್ರಕಾರ್ಯಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯದ ಕಾನೂನಿಲ್ಲ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಸಮಿತಿ ಇದೆ, ಹಲವು ಕಡೆ ಮಾರ್ಗದರ್ಶಕರ ಮನಸ್ಸಾಕ್ಷಿಯೇ ಸಮಿತಿ. 2023ರ ದತ್ತಾಂಶ ರಕ್ಷಣೆ ಕಾಯ್ದೆಯೂ ಸಂಶೋಧನೆಗೆ ರಿಯಾಯಿತಿ ಕೊಟ್ಟಿದೆ. ತೂತು ಬಹಳ ಎಂದೆನಲ್ಲ, ಅವು ಇವೇ.

ಉಪದೇಶ ಬಹಳವಾಯಿತು. ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ, ಒಂದು ಅಧ್ಯಯನಕ್ಕೆ ದಿನಗೂಲಿಯ ಮೇಲೆ ನಮೂನೆ ತುಂಬಲು ಮುಂಡರಗಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಗೋಡೆಯ ಗೂಟಕ್ಕೆ ಹಿಂಜುವ ಬಿಲ್ಲು ತೂಗುಹಾಕಿದ್ದ ಮನೆ. ಅದರ ದಾರ ಸಡಿಲಾಗಿ ಜೋತುಬಿದ್ದಿತ್ತು. ಮನೆಯ ಅಮ್ಮ ಬೆಲ್ಲದ ಚಹಾ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಆದಾಯ, ಸಾಲ, ಸತ್ತ ಎರಡು ಮಕ್ಕಳು, ಯಾವುದನ್ನೂ ಮುಚ್ಚಿಡಲಿಲ್ಲ. ಕಡೆಗೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಬೇಕಿತ್ತು. ಕೇಳುವ ಮೊದಲು ಒತ್ತಿಸಬೇಕಾದ್ದನ್ನು ನಾನು ಕಡೆಗೆ ಉಳಿಸಿಕೊಂಡಿದ್ದೆ. ಮಸಿ ಕಂಡೊಡನೆ ಆಕೆಯ ಮುಖ ಬದಲಾಯಿತು. ಅಲ್ಲಿಯವರೆಗೆ ಆಕೆ ಹೆಬ್ಬೆಟ್ಟು ಒತ್ತಿದ್ದು ಸಾಲದ ಕಾಗದಕ್ಕೆ. ಕೈ ಹಿಂದೆ ತೆಗೆದುಕೊಂಡು, ‘ಇದನ್ನ ಒತ್ತಿದ್ರ ಮನಿ ಬರತೈತೇನ್ ತಮ್ಮಾ?’ ಎಂದಳು. ಸರ್ಕಾರದ ಆಶ್ರಯ ಮನೆಯ ಪಟ್ಟಿ ಮಾಡಲು ಬಂದವನೆಂದು ನನ್ನನ್ನು ತಿಳಿದಿದ್ದಳು. ಅಷ್ಟು ಹೊತ್ತಿನ ಮಾತೆಲ್ಲ ಆ ಮನೆಯ ಆಸೆಗೆ ಹೇಳಿದ್ದು. ‘ಇಲ್ಲಮ್ಮಾ’ ಎಂದರೆ ನಮೂನೆ ಕೆಡುತ್ತಿತ್ತು, ದಿನದ ಲೆಕ್ಕ ತಪ್ಪುತ್ತಿತ್ತು. ನಾನು ‘ನೋಡೋಣ’ ಎಂದೆ. ಆಕೆ ಹೆಬ್ಬೆಟ್ಟು ಒತ್ತಿದಳು.

ಕಾಗದದ ಮೇಲೆ ಎಲ್ಲವೂ ಕ್ರಮಬದ್ಧವಾಗಿತ್ತು. ಯಾವ ಸಮಿತಿ ತಪಾಸಣೆ ಮಾಡಿದ್ದರೂ ಆ ಹೆಬ್ಬೆಟ್ಟು ಕಂಡು ಸರಿ ಎನ್ನುತ್ತಿತ್ತು. ವರದಿ ಎಲ್ಲಿ ಹೋಯಿತು, ಯಾರು ಓದಿದರು ಎಂದು ನನಗೇ ತಿಳಿಯಲಿಲ್ಲ. ಅಚ್ಚಾಗಿದ್ದರೂ ಅದು ಆಕೆಗೆ ಬಾರದ ಭಾಷೆಯಲ್ಲಿ ಇದ್ದಿರಬೇಕು. ಆ ಊರಿಗೆ ನಾನು ಮತ್ತೆ ಹೋಗಲಿಲ್ಲ.

ಆದ್ದರಿಂದ ಇನ್ನೊಮ್ಮೆ ಸರ್ವೇಯವರು ನಿಮ್ಮ ಓಣಿಗೆ ಬಂದಾಗ, ಚಾಚಿಗೆ ಬೇಕೆನಿಸಿದರೆ, ನೀವು ಜೊತೆಗೆ ಕೂಡ್ರಿ. ಬಂದವರ ಗುರುತಿನ ಚೀಟಿ ನೋಡಿರಿ, ಯಾವ ಸಂಸ್ಥೆ ಕಳಿಸಿದೆ, ರೊಕ್ಕ ಯಾರದು ಎಂದು ಕೇಳಿರಿ. ಉತ್ತರ ಕೊಟ್ಟರೆ ಏನು ಸಿಗುತ್ತದೆ, ಕೊಡದಿದ್ದರೆ ರೇಷನ್ನೋ ಪಿಂಚಣಿಯೋ ನಿಲ್ಲುತ್ತದೆಯೇ ಎಂದು ಕೇಳಿರಿ. ಒಳ್ಳೆಯ ಸಂಶೋಧಕನಾದರೆ ‘ಏನೂ ಸಿಗೋದಿಲ್ರಿ, ಏನೂ ನಿಲ್ಲೋದಿಲ್ರಿ’ ಎಂದು ಮೊದಲೇ ಹೇಳಿರುತ್ತಾನೆ. ರೆಕಾರ್ಡ್ ಮಾಡುತ್ತಿದ್ದರೆ ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಎಂದು ಕೇಳಿರಿ. ಬೇಡವಾದ ಪ್ರಶ್ನೆಗೆ ‘ಮುಂದಿಂದ ಕೇಳ್ರಿ’ ಎನ್ನಲು ಚಾಚಿಗೆ ಹಕ್ಕಿದೆ, ನಡುವೆ ಎದ್ದು ಒಳಗೆ ಹೋಗಲೂ ಹಕ್ಕಿದೆ. ಇದನ್ನೆಲ್ಲ ಕೇಳಿದರೆ ಬಂದ ಹುಡುಗರಿಗೆ ಅವಮಾನವೇನೂ ಇಲ್ಲ. ಅವರಿಗೆ ಕಾಲೇಜಿನಲ್ಲಿ ಕಲಿಸದ ಪಾಠವನ್ನು ನಿಮ್ಮ ಕಟ್ಟೆಯ ಮೇಲೆ ಕಲಿಸಿದಂತಾಗುತ್ತದೆ.

ಕೊನೆಗೆ ಒಂದು ಮಾತು. ಅವರು ಏಳುವ ಮೊದಲು, ‘ಏನು ಬರಕೊಂಡಿರಿ, ಒಂದಿಷ್ಟು ಓದಿ ಹೇಳ್ರಿ’ ಎನ್ನಿರಿ. ಕನ್ನಡದಲ್ಲಿ, ಚಾಚಿಗೆ ಕೇಳುವಂತೆ. ತಪ್ಪಿದ್ದರೆ ಆಕೆಯೇ ತಿದ್ದುತ್ತಾಳೆ, ಬೇಡವಾದದ್ದನ್ನು ಹೊಡೆದುಹಾಕಿಸುತ್ತಾಳೆ. ಅದು ಎಲ್ಲಿಗೆ ಹೋಗುತ್ತದೆ ಎಂಬುದು ಆಮೇಲಿನ ಮಾತು. ಏನು ಹೋಯಿತೆಂಬುದಾದರೂ ಆಕೆಗೆ ಗೊತ್ತಿರುತ್ತದೆ. ನಾನು ಅವತ್ತು ಆ ಬಿಲ್ಲಿನ ಮನೆಯಲ್ಲಿ ಓದಿ ಹೇಳಿದ್ದರೆ, ಬರೆದ ಇಪ್ಪತ್ತು ಚಿಲ್ಲರೆ ಕಲಮುಗಳಲ್ಲಿ ಮನೆಯ ಮಾತು ಎಲ್ಲೂ ಇಲ್ಲವೆಂಬುದು ಆಕೆಗೆ ಕೇಳಿ ತಿಳಿಯುತ್ತಿತ್ತು.